ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ನಮ್ಮ ಅಜ್ಜಿಗೆ ಒಂದು ಮಾತಿತ್ತು. ಎಣ್ಣೆ ತರಲು ಅಂಗಡಿಗೆ ಕಳಿಸಿದ ಹುಡುಗ ದಾರಿಯಲ್ಲಿ ಗೋಲಿ ಆಡುತ್ತ ನಿಂತು ತಾಸು ಬಿಟ್ಟು ಬಂದರೆ, ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದಳು: "ಯಾಕಲೇ, ಎಣ್ಣಿ ತರಾಕ ಕುಮಟಾಕ್ಕ ಹೋಗಿದ್ದೇನು?"

ಅಣ್ಣಿಗೇರಿ ಸುತ್ತಿನ ಎರಿ ಹೊಲದ ಊರು ನಮ್ಮದು. ಸಮುದ್ರ ನೋಡಿದವರು ಆಗ ಇಡೀ ಓಣಿಯಲ್ಲಿ ನಾಲ್ಕು ಮಂದಿ ಇರಲಿಕ್ಕಿಲ್ಲ. ಅಜ್ಜಿಯೂ ನೋಡಿರಲಿಲ್ಲ. ಆದರೂ ಕುಮಟಾ ನಮ್ಮ ಮನೆಯಲ್ಲಿ ದಿನಾ ಬರುವ ಹೆಸರು. ಹೊಲದಲ್ಲಿ ಇನ್ನೂ ಜವಾರಿ ಹತ್ತಿ ಹಾಕುತ್ತಿದ್ದ ಕಾಲದಲ್ಲಿ ಮುದುಕರು ಅದಕ್ಕೆ ಕುಮಟಾ ಹತ್ತಿ ಅನ್ನುತ್ತಿದ್ದರು. ಕುಮಟಾದಿಂದ ಬೀಜ ಬಂದಿರಬೇಕು ಅಂತ ನಾನು ಅಂದುಕೊಂಡಿದ್ದೆ. ಇಂಜಿನಿಯರಿಂಗ್ ಓದುವಾಗ ಕರಾವಳಿಯ ರೂಮ್‌ಮೇಟ್ ಒಬ್ಬ ಸಿಕ್ಕ. "ನಿಮ್ಮ ಕಡೆ ಹತ್ತಿ ಹೆಂಗೈತಿ?" ಅಂತ ಕೇಳಿದೆ. ಅವನು ನನ್ನ ಮುಖ ನೋಡಿದ. "ಹತ್ತಿಯಾ? ನಮ್ಮಲ್ಲಾ? ಮಾರಾಯ, ಅಲ್ಲಿ ಬೀಳೋ ಮಳೆಗೆ ಹತ್ತಿ ಅಲ್ಲ, ಬಟ್ಟೆನೂ ಒಣಗೂದಿಲ್ಲ."

ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ. ಎಂದೂ ಬೆಳೆದಿಲ್ಲ. ಹಾಗಾದರೆ ನಮ್ಮ ಹತ್ತಿಗೆ ಆ ಹೆಸರು ಯಾಕೆ ಬಂತು? ಇದಕ್ಕೆ ಉತ್ತರ ಪುಸ್ತಕದಲ್ಲೇ ಸಿಗುತ್ತದೆ, ಬೈಕ್ ಹತ್ತಬೇಕಾಗಿಲ್ಲ. ಆದರೆ ಮನೆಯಲ್ಲಿ ಇನ್ನೊಂದು ಲೆಕ್ಕ ಬಾಕಿ ಇತ್ತು. ಅಜ್ಜನ ಅಜ್ಜನ ತಮ್ಮನೊಬ್ಬ, ನಮ್ಮ ಕಡೆ ರೈಲು ಬರುವುದಕ್ಕೆ ಮೊದಲು, ಹತ್ತಿ ಚಕ್ಕಡಿ ಹೊಡೆದುಕೊಂಡು ಕುಮಟಾಕ್ಕೆ ಹೋದ. ಚಕ್ಕಡಿ ತಿರುಗಿ ಬಂತು, ಎತ್ತು ಬಂದವು, ಉಪ್ಪು ಬಂತು. ಅವನು ಬರಲಿಲ್ಲ. ಘಟ್ಟದ ಜ್ವರ ಅಂದರು. ಅಜ್ಜಿಯ ಮಾತು ಅಲ್ಲಿಂದ ಹುಟ್ಟಿದ್ದು. ಅದನ್ನು ಕೇಳಿ ನಾವೆಲ್ಲ ನಗುತ್ತಿದ್ದೆವು.

ಹೋದ ವರ್ಷ ನವೆಂಬರ್‌ನಲ್ಲಿ ಒಂದು ವಾರ ರಜೆ ಸಿಕ್ಕಿತು. ಆಫೀಸಿನಲ್ಲಿ ಹೇಳಿದಾಗ ಎಲ್ಲರದೂ ಒಂದೇ ಮಾತು: "ಗೋಕರ್ಣನಾ? ಸೂಪರ್, ಫುಲ್ ಚಿಲ್ ಜಾಗ." ನೀವೂ ಹೋಗಿರ್ತೀರಿ. ಓಂ ಬೀಚ್, ಕುಡ್ಲೆ ಬೀಚ್, ಹಗ್ಗದ ತೂಗುಮಂಚ, ಮಧ್ಯಾಹ್ನ ಮೂರು ಗಂಟೆಗೆ ಊರೆಲ್ಲ ಮಲಗಿದ ಹಾಗೆ. ನಾನು ಮೊದಲು ಊರಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ, ಮುಂಡಗೋಡ, ಶಿರಸಿ, ದೇವಿಮನೆ ಘಟ್ಟ ಅಂತ ಇಳಿದೆ. ನಮ್ಮೂರಿಂದ ಕುಮಟಾಕ್ಕೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಬೈಕಿನಲ್ಲಿ ಚಹಾ, ಊಟ ಎಲ್ಲ ಸೇರಿ ಏಳು ತಾಸು. ಹೇರಿದ ಚಕ್ಕಡಿ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಹೋಗುತ್ತದೆ ಅಂದರೆ ಹತ್ತು ಹನ್ನೆರಡು ದಿನ. ಅದೂ ಬರೀ ಹೋಗೋದಕ್ಕೆ.

ಚಕ್ಕಡಿ ಹೋಗುವಂಥ ರಸ್ತೆ ಆಗುವ ಮೊದಲು ಹೇರೆತ್ತುಗಳೇ ಗತಿ. ಲಂಬಾಣಿಗರ ಎತ್ತಿನ ಹಿಂಡುಗಳು ಮೇಲಿನಿಂದ ಹತ್ತಿ, ಕಾಳು ಇಳಿಸಿ, ಕೆಳಗಿನಿಂದ ಉಪ್ಪು, ತೆಂಗಿನಕಾಯಿ ಏರಿಸುತ್ತಿದ್ದವು. ದೇವಿಮನೆ ಘಟ್ಟದ ತಿರುವುಗಳಲ್ಲಿ ಸೆಕೆಂಡ್ ಗೇರಿಗೆ ಇಳಿಯುವಾಗ ಇದೆಲ್ಲ ತಲೆಯಲ್ಲಿತ್ತು. ಆ ರಸ್ತೆಗೆ ಎಷ್ಟೋ ವರ್ಷಗಳಿಂದ ಅಗಲೀಕರಣದ ಕೆಲಸ ನಡೆದೇ ಇದೆ. ಧೂಳು ಕುಡಿದು ಇಳಿದವನಿಗೆ ಕೆಳಗೆ ತೆಂಗು, ಗದ್ದೆ, ಹೆಂಚಿನ ಮನೆ ಕಂಡ ಕೂಡಲೇ ಆರಾಮ ಅನಿಸೋದು ಸಹಜ. ಕಷ್ಟ ಪಟ್ಟು ಮುಟ್ಟಿದ ಊರೆಲ್ಲ ಆರಾಮದ ಊರೇ.

ಈಗ ಹೆಸರಿನ ವಿಷಯ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಹೊರಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಕುಮಟಾದಿಂದ. ಅಲ್ಲಿ ಅದನ್ನು ಮಚವೆ, ಪತ್ತೆಮಾರಿಗಳಿಗೆ ತುಂಬಿ ಮುಂಬೈಗೆ ಒಯ್ಯುತ್ತಿದ್ದರು. ಮುಂಬೈಯಲ್ಲಿ ಒತ್ತಿ, ಕಟ್ಟಿ, ದೊಡ್ಡ ಹಡಗಿಗೆ. ಮುಂಬೈ ವ್ಯಾಪಾರಿಗೆ ಅಣ್ಣಿಗೇರಿ ಗೊತ್ತಿಲ್ಲ, ನವಲಗುಂದ ಗೊತ್ತಿಲ್ಲ. ಕುಮಟಾದಿಂದ ಬಂದ ಮಾಲು ಅಂದರೆ ಕುಮಟಾ ಹತ್ತಿ. ಲಿವರ್‌ಪೂಲಿನ ಬೆಲೆಪಟ್ಟಿಯಲ್ಲೂ ಅದೇ ಹೆಸರು. ಮೋಕಾ ಕಾಫಿಯೂ ಇದೇ ಕತೆ. ಯೆಮೆನ್ ದೇಶದ ಮೋಕಾ ಬಂದರಿನಲ್ಲಿ ಕಾಫಿ ಗಿಡವಿಲ್ಲ, ಅದು ಗುಡ್ಡದ ಮೇಲಿನ ಬೆಳೆ. ಮಾಲಿಗೆ ಹೆಸರು ಇಡೋನು ಕೊಳ್ಳೋನು, ಬೆಳೆಯೋನಲ್ಲ. ತಮಾಷೆ ಅಂದರೆ ಆ ಹೆಸರು ಘಟ್ಟ ಹತ್ತಿ ವಾಪಸ್ ನಮ್ಮ ಹೊಲಕ್ಕೇ ಬಂದು ಕೂತಿದ್ದು. ನಮ್ಮಜ್ಜ ತನ್ನ ಹೊಲದ ಬೆಳೆಗೆ ಲಿವರ್‌ಪೂಲಿನ ದಲಾಲಿ ಇಟ್ಟ ಹೆಸರು ಹೇಳುತ್ತಿದ್ದ.

ಬಂದರು ಅಂದೆ. ಆದರೆ ಕುಮಟಾಕ್ಕೆ ಹೋಗಿ ನೋಡಿದರೆ ಬಂದರು ಅನ್ನುವಂಥದ್ದು ಏನೂ ಕಾಣುವುದಿಲ್ಲ. ದೊಡ್ಡ ಹಡಗಿಗೆ ಅಲ್ಲಿ ಆಸರೆ ಇಲ್ಲ, ತೆರೆದ ಕಡಲು. ಹೀಗಾಗಿ ಇಡೀ ವ್ಯಾಪಾರ ಮಳೆಗಾಲದ ಕೈಯಲ್ಲಿತ್ತು. ನಮ್ಮ ಕಡೆ ಜವಾರಿ ಹತ್ತಿ ಬಿಡಿಸೋದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬಿಡಿಸಿದ ಮೇಲೆ ಬೀಜ ಬೇರೆ ಮಾಡಬೇಕು; ಕಲ್ಲಿನ ಮೇಲೆ ಕಬ್ಬಿಣದ ಸರಳು ಇಟ್ಟು ಕಾಲಿನಿಂದ ಉರುಳಿಸುವ ಕೆಲಸ, ಅದು ಹೆಂಗಸರದ್ದು. ಆಮೇಲೆ ಅಂಡಿಗೆ ಕಟ್ಟಿ ಚಕ್ಕಡಿಗೆ ಹೇರಿ ಹನ್ನೆರಡು ದಿನದ ದಾರಿ. ಜೂನ್ ಬಂದರೆ ಕಡಲು ಬಂದ್. ಅಂದರೆ ಕೈಯಲ್ಲಿ ಇರೋದು ಒಂದೂವರೆ ಎರಡು ತಿಂಗಳು. ಆ ಗಡುವು ತಪ್ಪಿದ ಹತ್ತಿ ಕುಮಟಾದ ಉಗ್ರಾಣಗಳಲ್ಲಿ ಮಳೆಗಾಲವಿಡೀ ತೇವ ಕುಡಿಯುತ್ತ ಬಿದ್ದಿರುತ್ತಿತ್ತು. ನಮಗೆ ಕ್ವಾರ್ಟರ್ ಕೊನೆಯ ಡೆಡ್‌ಲೈನ್ ದೊಡ್ಡದು ಅನಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಈ ಊರು ಹೇಗಿದ್ದಿರಬೇಕು ಯೋಚನೆ ಮಾಡಿ. ಸಾಲು ಸಾಲು ಚಕ್ಕಡಿ, ನೂರಾರು ಎತ್ತು, ದಲಾಲರ ಕೂಗು, ಅಲೆಗಳ ಮಧ್ಯೆ ಅಂಡಿಗೆ ಹೊತ್ತು ದೋಣಿಗೆ ಹಾಕುವ ಹಮಾಲರು. ನಿದ್ದೆ ಮಾಡುವ ಊರಲ್ಲ ಅದು.

ಹಾಗೆ ನೋಡಿದರೆ ಈ ಕರಾವಳಿ ಯಾವತ್ತೂ ನಿದ್ದೆ ಮಾಡಿರಲಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಆ ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತ ಬರೆದಿದ್ದಾನೆ. ಕುಮಟಾದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಮಿರ್ಜಾನ್ ಕೋಟೆ ಇದೆ. ಜಂಬಿಟ್ಟಿಗೆ ಕಲ್ಲು, ಮೇಲೆಲ್ಲ ಹಸಿರು ಪಾಚಿ. ಪ್ರೀ ವೆಡ್ಡಿಂಗ್ ಶೂಟ್‌ನವರು ಬಿಟ್ಟರೆ ಯಾರೂ ಇರಲಿಲ್ಲ. ಅದನ್ನು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಸಿ ಹೇಳುತ್ತಾರೆ. ಹದಿನಾರನೇ ಶತಮಾನದ ನಡುವಿನಿಂದ ಐದು ದಶಕಕ್ಕೂ ಹೆಚ್ಚು ಕಾಲ ಆಳಿದ ಹೆಣ್ಣುಮಗಳು. ಪೋರ್ಚುಗೀಸರು ಆಕೆಗೆ ಕರಿಮೆಣಸಿನ ರಾಣಿ ಅಂತ ಹೆಸರಿಟ್ಟರು. ಇದೂ ಕೊಳ್ಳುವವರು ಇಟ್ಟ ಹೆಸರೇ. ಐವತ್ತು ವರ್ಷ ರಾಜ್ಯ ಆಳಿದವಳನ್ನು ಮೆಣಸಿನ ಚೀಲದ ಮೇಲಿನ ಚೀಟಿಯಂತೆ ನೆನಪಿಟ್ಟುಕೊಳ್ಳೋದು ನನಗೆ ಸರಿ ಕಾಣುವುದಿಲ್ಲ. ಆದರೆ ಈಗ ನಾವೇ ಬೋರ್ಡ್ ಮೇಲೆ ಅದನ್ನು ಹೆಮ್ಮೆಯಿಂದ ಬರೆಯುತ್ತೇವೆ.

ಮುಂದೆ ಕಾರವಾರ. 1638ರಲ್ಲೇ ಅಲ್ಲಿ ಇಂಗ್ಲಿಷರ ಕೋಠಿ ಶುರುವಾಗಿತ್ತು. ಅವರು ಕೊಳ್ಳುತ್ತಿದ್ದದ್ದು ಮೆಣಸಷ್ಟೇ ಅಲ್ಲ, ಹುಬ್ಬಳ್ಳಿ ಕಡೆಯಿಂದ ಇಳಿದು ಬರುತ್ತಿದ್ದ ತೆಳು ಬಟ್ಟೆಯನ್ನೂ. 1665ರಲ್ಲಿ ಶಿವಾಜಿ ಈ ಕರಾವಳಿಗೆ ಬಂದಾಗ ಕಾರವಾರದ ವ್ಯಾಪಾರಿಗಳ ಜೊತೆ ಇಂಗ್ಲಿಷರೂ ವಂತಿಗೆ ಕೊಟ್ಟು ಕೈ ಮುಗಿಯಬೇಕಾಯಿತು. ಇನ್ನೂರು ವರ್ಷ ಬಿಟ್ಟು ಅದೇ ದಾರಿಯಲ್ಲಿ ಬಟ್ಟೆಯ ಬದಲು ಕಚ್ಚಾ ಹತ್ತಿ ಇಳಿಯುತ್ತಿತ್ತು, ಬಟ್ಟೆ ಮ್ಯಾಂಚೆಸ್ಟರಿನಿಂದ ಹತ್ತಿ ಬರುತ್ತಿತ್ತು. ನಡುವೆ ಏನಾಯಿತು ಅಂತ ಹೇಳಲು ಬೇರೆ ಲೇಖನವೇ ಬೇಕು.

ಕತೆಯ ತಿರುವು ಇರೋದು 1861ರಲ್ಲಿ, ಅದೂ ಅಮೆರಿಕದಲ್ಲಿ. ಅಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿದರು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು, ಗಿರಣಿ ಕೆಲಸಗಾರರು ಉಪವಾಸ ಬಿದ್ದರು. ಆಗ ಎಲ್ಲರ ಕಣ್ಣು ಹಿಂದೂಸ್ತಾನದ ಹತ್ತಿಯ ಮೇಲೆ. ಧಾರವಾಡ ಸೀಮೆಯ ಮೇಲೆ ಇನ್ನೂ ಹೆಚ್ಚು. ಯಾಕೆಂದರೆ ಅಮೆರಿಕದ ಬೀಜವನ್ನು ಹುಬ್ಬಳ್ಳಿ ಹತ್ತಿರದ ಹೊಲಗಳಲ್ಲಿ 1840ರ ದಶಕದಿಂದಲೇ ಬೆಳೆಸಿ ನೋಡಿದ್ದರು, ಅದು ಹತ್ತಿತ್ತು. ನಮ್ಮವರು ಅದಕ್ಕೆ ವಿಲಾಯತಿ ಹತ್ತಿ ಅಂದರು.

ಮಾಲು ಇದೆ, ಕೊಳ್ಳುವವ ಇದ್ದಾನೆ, ರಸ್ತೆ ಇಲ್ಲ. ರಸ್ತೆ ಯಾಕಿಲ್ಲ? ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿ. ಹತ್ತಿಯ ಲಾಭ ಮುಂಬೈಗೆ, ರಸ್ತೆಯ ಖರ್ಚು ಮದ್ರಾಸಿಗೆ. ಎರಡು ಟೀಮಿನ ನಡುವೆ ಸಿಕ್ಕಿಬಿದ್ದ ಟಿಕೆಟ್ ಹೇಗೆ ವರ್ಷಗಟ್ಟಲೆ ಓಪನ್ ಇರುತ್ತದೆ ಅಂತ ನಮಗೆ ಗೊತ್ತಲ್ಲ. ಕೊನೆಗೆ 1862ರಲ್ಲಿ ಜಿಲ್ಲೆಯನ್ನೇ ಕಿತ್ತು ಮುಂಬೈಗೆ ಸೇರಿಸಿದರು. ಉತ್ತರ ಕನ್ನಡ ಬೇರೆ, ದಕ್ಷಿಣ ಕನ್ನಡ ಬೇರೆ ಪ್ರಾಂತ್ಯ ಆದದ್ದು ಹೀಗೆ. ಒಂದೇ ಕರಾವಳಿ, ಒಂದೇ ಮೀನು ಸಾರು. ಕುಂದಾಪುರದವನು ಮದ್ರಾಸಿಗೆ ಅರ್ಜಿ ಬರೆಯಬೇಕು, ಭಟ್ಕಳದವನು ಮುಂಬೈಗೆ. 1956ರವರೆಗೂ ಈ ಎರಡೂ ಜಿಲ್ಲೆ ಒಂದು ರಾಜ್ಯದಲ್ಲಿ ಇರಲಿಲ್ಲ. ಗೆರೆ ಎಳೆದದ್ದು ಭಾಷೆಗಾಗಿ ಅಲ್ಲ, ಜನಕ್ಕಾಗಿ ಅಲ್ಲ, ನಮ್ಮ ಹೊಲದ ಹತ್ತಿಗಾಗಿ. ಇದನ್ನು ಓದಿದ ದಿನ ನನಗೆ ಒಂಥರಾ ಸಂಕೋಚ ಆಯಿತು.

ಕುಮಟಾಕ್ಕೆ ಆಸರೆ ಇಲ್ಲದ್ದರಿಂದ ಕಾರವಾರವನ್ನು ಆರಿಸಿದರು. ಅಲ್ಲಿನ ಕೊಲ್ಲಿ ಆಳ, ಬೈತಖೋಲಿನ ಗುಡ್ಡ ಗಾಳಿ ತಡೆಯುತ್ತದೆ. ಜಿಲ್ಲಾ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಕೈಗಾ ಘಟ್ಟದಲ್ಲಿ ರಸ್ತೆ ಕೊರೆದರು; ಇವತ್ತು ಕೈಗಾ ಅಂದರೆ ಅಣು ವಿದ್ಯುತ್ತು, ಆಗ ಅದು ಹತ್ತಿಯ ದಾರಿ. ಕಡಲಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಎದ್ದಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅನ್ನೋ ಹೊಸ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡದ ದಡಕ್ಕೆ ಕಳಿಸಿತು. ಯಂತ್ರ ಬಂದಾಗ ಇಳಿಸಲು ಧಕ್ಕೆ ಸಿದ್ಧವಿಲ್ಲ, ಮೇಲಕ್ಕೆ ರಸ್ತೆಯೂ ಸಿದ್ಧವಿಲ್ಲ. ಕಂಪನಿ ಬಹಳ ವರ್ಷ ಬಾಳಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಬೆಲೆ ಬಿತ್ತು, ಮುಂಬೈಯಲ್ಲಿ ಷೇರು ಹುಚ್ಚಿನ ಮಂದಿ ದಿವಾಳಿ ಎದ್ದರು.

ಆ ನಾಲ್ಕೈದು ವರ್ಷ ಧಾರವಾಡ ಸೀಮೆಯ ರೈತರು ಕಂಡಷ್ಟು ರೊಕ್ಕ ಅದಕ್ಕೂ ಹಿಂದೆ ಕಂಡಿರಲಿಲ್ಲ. ಕಲಬೆರಕೆಯೂ ಆಗ ಜೋರು: ಬೀಜ, ಕಸ, ಹಳೆ ಹತ್ತಿ ಸೇರಿಸಿ ಅಂಡಿಗೆ ಕಟ್ಟೋದು ಎಷ್ಟು ನಡೆಯಿತು ಅಂದರೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧವೇ ಒಂದು ಕಾಯ್ದೆ ಮಾಡಿತು. ನಮ್ಮ ಹಿರಿಯರು ಎಲ್ಲರೂ ಸಾಧುಗಳು ಅಂತ ನಾನು ಹೇಳೋದಿಲ್ಲ. ಆದರೆ ಜೋಳದ ಹೊಲವೂ ಹತ್ತಿಯ ಹೊಲವಾಗಿ, ಬೆಲೆ ಬಿದ್ದು, ಹತ್ತು ವರ್ಷದಲ್ಲಿ 1876ರ ಬರ ಬಂದಾಗ, ಅದೇ ರೈತರಿಗೆ ಕಾಳು ತರಲು ರೈಲಿರಲಿಲ್ಲ, ಚಕ್ಕಡಿ ಎಳೆಯಲು ಎತ್ತು ಉಳಿದಿರಲಿಲ್ಲ.

ಆ ಬರ ನೋಡಿಯೇ ರೈಲು ಬಂದದ್ದು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹಳಿ ಹಾಕಬೇಕು ಅನ್ನೋ ಮಾತು ಆಗಾಗ ಬರುತ್ತಲೇ ಇತ್ತು. ಆದರೆ 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು, ಹಳಿ ಗೋವಾದ ಮರ್ಮಗೋವಾಕ್ಕೆ ತಿರುಗಿತು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಆ ದಾರಿ ಕೂಡಿತು. ಅಲ್ಲಿಗೆ ಮುಗೀತು. ಹುಬ್ಬಳ್ಳಿ ಬೆಳೆಯಿತು, ಗದಗ ಬೆಳೆಯಿತು, ಕುಮಟಾದ ಉಗ್ರಾಣಗಳು ಖಾಲಿಯಾದವು. ಶಿರಸಿ ದಾರಿಯಲ್ಲಿ ಚಕ್ಕಡಿಗಳ ಸಾಲು ನಿಂತಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆ ಆದ ಮೇಲೆ, 1990ರ ದಶಕದಲ್ಲಿ, ನೂರು ವರ್ಷ ತಡವಾಗಿ. ಅದೂ ದಡದುದ್ದಕ್ಕೂ ಹೋಗುವ ರೈಲು. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಹಳಿ ಆ ದಶಕದ ಕೊನೆಗೆ ಮಂಜೂರಾಗಿ, ಅರಣ್ಯದ ಪ್ರಶ್ನೆ, ಕೋರ್ಟು ಅಂತ ಇನ್ನೂ ಎಳೆದಾಡುತ್ತಿದೆ. ಕಾಡು ಕಡಿಯಬಾರದು ಅನ್ನುವವರ ಮಾತಿನಲ್ಲಿ ನಿಜ ಇದೆ ಅಂತ ಆ ಕಾಡಿನಲ್ಲಿ ಬೈಕ್ ಓಡಿಸಿದವನಿಗೆ ಗೊತ್ತು. ರೈಲು ಬೇಕು ಅನ್ನುವ ಕಾರವಾರದವರ ಸಿಟ್ಟಿನಲ್ಲೂ ನಿಜ ಇದೆ.

1882ರ ಸುಮಾರಿಗೆ ಇಪ್ಪತ್ತೊಂದರ ಹುಡುಗ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾಳಿ ನದಿ, ಬೆಳದಿಂಗಳು, ಗಾಳಿಮರ. ಒಂದು ನಾಟಕವನ್ನೇ ಅವರು ಇಲ್ಲಿ ಬರೆದರು. ಬೀಚಿಗೆ ಈಗ ಅವರ ಹೆಸರಿದೆ. ಸಂಜೆ ಅಲ್ಲಿ ಕೂತಾಗ ನನಗೆ ಅನಿಸಿದ್ದು: ಟಾಗೋರರು ಕಂಡ ಆ ಶಾಂತಿ, ಒಂದು ದೊಡ್ಡ ಯೋಜನೆ ಕೈಕೊಟ್ಟು ಇಪ್ಪತ್ತು ವರ್ಷ ಆಗಿದ್ದ ಊರಿನ ಶಾಂತಿ. ನಾವು ವೀಕೆಂಡಿಗೆ ಹೋಗಿ ಅನುಭವಿಸುವ ಚಿಲ್ ಕೂಡ ಬಹಳ ಮಟ್ಟಿಗೆ ಅದೇ. ಕರಾವಳಿಯವರು ಆರಾಮ ಜನ ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಕುಮಟಾದ ಒಂದು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಪಕ್ಕದಲ್ಲಿ ಕೂತ ಹಿರಿಯರಿಗೆ ಹಾಗೇ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೌದು ತಮ್ಮಾ, ಆರಾಮೇ. ನನ್ನ ಮಕ್ಕಳು ಇಬ್ಬರೂ ಮುಂಬೈಲಿ, ಮೊಮ್ಮಗ ದುಬೈಲಿ. ಕೆಲಸ ಮಾಡೋರೆಲ್ಲ ಹೊರಗಿದ್ರೆ ಊರು ಆರಾಮ ಇರೂದೇ ಅಲ್ವಾ?" ಅಂದರು. ನಮ್ಮೂರಿನ ಕಟ್ಟೆಯ ಮೇಲೆ ಕೂತ ನಮ್ಮಪ್ಪನ ವಾರಿಗೆಯವರೂ ಇದೇ ಮಾತು ಹೇಳಬಹುದು.

ಅಂಕೋಲಾ ದಾರಿಯಲ್ಲಿ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾಕ್ಕೆ ನಿಂತ ಲಾರಿಗಳು ಗಂಗಾವಳಿ ನದಿಗೆ ಹೋದವು. ಗುಡ್ಡದ ಮೈ ಇನ್ನೂ ಕೆಂಪಗಿದೆ. ಅಲ್ಲಿ ಬೈಕ್ ನಿಲ್ಲಿಸಲು ಧೈರ್ಯ ಬರಲಿಲ್ಲ, ನಿಲ್ಲಿಸದೆ ಹೋಗಲು ಮನಸ್ಸು ಬರಲಿಲ್ಲ; ಸ್ವಲ್ಪ ಮುಂದೆ ಹೋಗಿ ನಿಂತೆ. ಅದೇ ವರ್ಷ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಘಟ್ಟ ಇಳಿಸಿ ಮಾಲು ಸಾಗಿಸುವ ಆತುರಕ್ಕೆ ಈ ನೆಲದಲ್ಲಿ ಜೀವ ತೆತ್ತವರು ನಮ್ಮ ಮನೆಯ ಒಬ್ಬನೇ ಅಲ್ಲ. ಆಗ ಜ್ವರ, ಈಗ ಮಣ್ಣು. ಅಂಕೋಲಾ ಹತ್ತಿರ ಕೇಣಿಯಲ್ಲಿ ದೊಡ್ಡ ಬಂದರಿನ ಯೋಜನೆ ಬಂದಿದೆ, ಮೀನುಗಾರರು ಬೇಡ ಅನ್ನುತ್ತಿದ್ದಾರೆ. ನೌಕಾನೆಲೆಗೆ ಒಮ್ಮೆ ಊರು ಬಿಟ್ಟುಕೊಟ್ಟ ಸೀಮೆ ಅದು. ಅವರ ಹಿಂಜರಿಕೆಯನ್ನು ಸೋಮಾರಿತನ ಅಂತ ಕರೆಯುವವರು ಒಂದು ಸಲ ಬೈತಖೋಲಿಗೆ ಬೆಳಗಿನ ಜಾವ ಹೋಗಿ ಬಲೆ ಎಳೆಯುವವರನ್ನು ನೋಡಬೇಕು.

ಅಂಕೋಲಾದವರು ಆರಾಮ ಜನವಾಗಿದ್ದರೆ 1930ರ ಏಪ್ರಿಲ್ 13 ನಡೆಯುತ್ತಲೇ ಇರಲಿಲ್ಲ. ಅವತ್ತು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಸೇರಿ ಉಪ್ಪು ಮಾಡಿದರು. ಆಮೇಲಿನ ಕರನಿರಾಕರಣೆಯಲ್ಲಿ ಎಷ್ಟೋ ರೈತ ಕುಟುಂಬ ಭೂಮಿಯನ್ನೇ ಕಳೆದುಕೊಂಡವು. ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದದ್ದು ಹಾಗೆ.

ಉಪ್ಪಿನ ವಿಷಯ ಬಂತಲ್ಲ. ಗೋಕರ್ಣಕ್ಕೆ ಹೋಗುವವರು ಸಾಣಿಕಟ್ಟಾದಲ್ಲಿ ನಿಲ್ಲುವುದಿಲ್ಲ. ನಾನು ಕಾರವಾರದಿಂದ ವಾಪಸ್ ಬರುವಾಗ ನಿಂತೆ. ಅಘನಾಶಿನಿ ಹಿನ್ನೀರಿನ ಪಕ್ಕ ಚೌಕ ಚೌಕದ ಉಪ್ಪಿನಾಗರಗಳು. ನವೆಂಬರ್ ಆದ್ದರಿಂದ ಅವು ಖಾಲಿ. ಮಳೆ ನೀರು ತೆಗೆದು ನೆಲ ಸರಿ ಮಾಡುವ ಕೆಲಸ ಆಗಷ್ಟೇ ಶುರು. ಉಪ್ಪು ಆಗೋದು ಬೇಸಿಗೆಯಲ್ಲಿ. ಅಂದರೆ ಹತ್ತಿ ಇಳಿಯುತ್ತಿದ್ದ ಅದೇ ತಿಂಗಳುಗಳಲ್ಲಿ. ಖಾಲಿಯಾದ ಚಕ್ಕಡಿಗೆ ಹೊಸ ಉಪ್ಪು ಸಿಗುತ್ತಿದ್ದ ಲೆಕ್ಕ ಅಲ್ಲಿ ನಿಂತಾಗ ಕೂಡಿತು. ನಮ್ಮ ಮನೆಗೆ ಆ ವರ್ಷ ತಿರುಗಿ ಬಂದ ಉಪ್ಪು ಇಂಥದೇ ಯಾವುದೋ ಆಗರದ್ದು. ಅವನನ್ನು ಎಲ್ಲಿ ಮಣ್ಣು ಮಾಡಿದರೋ, ಜೊತೆಗಿದ್ದವರು ಚಕ್ಕಡಿಗೆ ಉಪ್ಪು ಹೇರುವುದನ್ನು ಮರೆಯಲಿಲ್ಲ. ಮೊದಲು ಇದು ನನಗೆ ಕಲ್ಲುಮನಸ್ಸು ಅನಿಸಿತ್ತು. ಮಳೆಗಾಲ ಮುಂದಿದೆ, ಊರಿಗೆ ಉಪ್ಪು ಬೇಕು, ಖಾಲಿ ಚಕ್ಕಡಿ ಹೊಡೆದರೆ ಬಾಡಿಗೆ ನಷ್ಟ. ಅವರು ಇನ್ನೇನು ಮಾಡಬೇಕಿತ್ತು?

ಅಂಗಡಿಯಲ್ಲಿ ಹೋದ ವರ್ಷದ ಉಪ್ಪು ಇತ್ತು. ಐದು ಕಿಲೋ ಕಟ್ಟಿಸಿಕೊಂಡು ಬ್ಯಾಗಿನಲ್ಲಿಟ್ಟು ಅದೇ ದೇವಿಮನೆ ಘಟ್ಟ ಹತ್ತಿದೆ. ಊರು ಮುಟ್ಟಿದಾಗ ರಾತ್ರಿ ಒಂಬತ್ತು. ಹೊಲದಲ್ಲಿ ಈಗ ಬಿಟಿ ಹತ್ತಿ, ಅದೂ ಈ ಸಲ ಅರ್ಧಕ್ಕರ್ಧ ಕೆಂಪಾಗಿದೆ ಅಂತ ಅಪ್ಪ ಹೇಳುತ್ತಿದ್ದ. ಅವ್ವ ಚೀಲ ಬಿಚ್ಚಿ ಒಂದು ಹರಳು ಬಾಯಿಗೆ ಹಾಕಿಕೊಂಡು ನೋಡಿದಳು.

"ಇಷ್ಟ ದೂರ ಹೋಗಿ ಉಪ್ಪು ತಂದ್ಯಾ?" ಅಂದಳು. ಆಮೇಲೆ, "ಇರಲಿ, ಉಪ್ಪಿನಕಾಯಿಗೆ ಛಲೋ ಆಗ್ತದ," ಅಂತ ಭರಣಿಗೆ ತುಂಬಲು ಕೂತಳು.